ಕಾಕಾ ಎಕ್ಸ್‌ಪೋರ್ಟ್ ಹಚ್ಚಿದಾಗ

ನಮ್ಮ ಕಾಕಾನಷ್ಟು ನಿಧಾನವಾಗಿ ಅವಸರ ಮಾಡುವ ಮನುಷ್ಯ ಸದಲಗಾದಲ್ಲಿರಲಿ, ಆಚೆ ಕೊಲ್ಹಾಪುರದವರೆಗೂ ಸಿಗಲಿಕ್ಕಿಲ್ಲ! ನಿಪ್ಪಾಣಿಯ ಹುಡುಗರಿಗೆ ಕಂಪ್ಯೂಟರ್ ಕಲಿಸುವ ಇವನು ಅವರಿಗಾಗಿ ಕನ್ನಡದಲ್ಲಿ ಪ್ರೋಗ್ರಾಮಿಂಗ್ ಪುಸ್ತಕ ಬರೆಯುತ್ತಿದ್ದಾನೆ. ಬರೆಯಲಿ, ಬೇಡ ಎಂದವರು ಯಾರು? ಆದರೆ ಅದರೊಳಗಿನ ಕೋಡಿನ ಪ್ರತಿ ಪದಕ್ಕೂ ಬಣ್ಣ ಬೇಕು! ಅಂಕಿಗೆ ಕೆಂಪು, ಹೆಸರಿಗೆ ಹಸಿರು. ಇಷ್ಟೆಲ್ಲ ಸಿಂಗಾರ ಮಾಡಿ, ಪಿಡಿಎಫ್ ತೆಗೆದು, ಕೊನೆಗೆ ಹಂಚುವುದು ಕಪ್ಪುಬಿಳುಪು ಝೆರಾಕ್ಸ್!

"ಮತ್ತ ಬಣ್ಣ ಯಾಕ ಕಾಕಾ?" ಎಂದೆ.

"ಲೇ, ಒಳಗಿನ ಬನಿಯನ್ ಯಾರಿಗೆ ಕಾಣ್ತೈತಿ? ಅದಕ್ಕಂತ ಹಾಕ್ಕೊಳ್ಳೂದ ಬಿಡ್ತೀಯೇನು?"

ನಾನು ನನ್ನ ಬನಿಯನ್ ಮುಟ್ಟಿ ನೋಡಿಕೊಂಡೆ.

ಪಿಡಿಎಫ್ ತೆಗೆಯುವ ಬಟನ್ ಒತ್ತಿದೊಡನೆ ಕಾಕಾ "ಎಕ್ಸ್‌ಪೋರ್ಟ್ ಹಚ್ಚೇನಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಅದು ಮುಗಿಯಲು ಬಹಳ ಹೊತ್ತು ಹಿಡಿಯುತ್ತಿತ್ತು, ಅಲ್ಲಿಯವರೆಗೆ ಮನೆಯಲ್ಲಿ ಮಿಕ್ಸರ್ ತಿರುಗುವಂತಿಲ್ಲ, ಪಾತ್ರೆ ಸದ್ದಾಗುವಂತಿಲ್ಲ. ಕಂಪ್ಯೂಟರಿಗೆ ಭಾರ ಬೀಳುತ್ತದಂತೆ! ಒಮ್ಮೆ ಎಮ್ಮೆ ಕೂಗಿತೆಂದು ಕೊಟ್ಟಿಗೆಗೆ ಹೋಗಿ ಅದಕ್ಕೂ ತಿಳಿಹೇಳಿ ಬಂದ. ಎಮ್ಮೆ ಮತ್ತೊಮ್ಮೆ ಕೂಗಿತು. ಅಂದಿನ ಪಿಡಿಎಫ್‌ನಲ್ಲಿ ಒಂದು ಪುಟದ ಅಂಚು ತಪ್ಪಿದ್ದಕ್ಕೆ ಅದೇ ಕಾರಣವೆಂದು ಇವತ್ತಿಗೂ ನಂಬಿದ್ದಾನೆ.

ಕಾಕಾನ ಹೆಂಡತಿ ಕಾಕು ಮಾತ್ರ ಆ ಕೂಗಿಗೇ ಕಾದಿರುತ್ತಿದ್ದಳು. ಬೆಳಗಿನಿಂದ ಹಾಲು, ಸಗಣಿ, ಒಲೆ ಎಂದು ಓಡಾಡುವ ಜೀವ. ಎಕ್ಸ್‌ಪೋರ್ಟ್ ನಡೆಯುವಾಗ ಕೆಲಸವೇ ಮಾಡುವಂತಿಲ್ಲವಲ್ಲ! ದಿನದಲ್ಲಿ ಅವಳು ಕೂರುತ್ತಿದ್ದುದು ಆಗಷ್ಟೇ, ಕಾಕಾನ ಪಕ್ಕದಲ್ಲಿ, ಚಹಾ ಕುಡಿಯುತ್ತ.

"ಈ ಪದಕ್ಕ ಜಾಂಬಳಿ ಬಣ್ಣ ಹಚ್ಚರಿ. ನನ್ನ ಮದಿವಿ ಸೀರಿದು."

"ಅದು ಲೂಪ್ ಐತಿ, ಸೀರಿ ಅಲ್ಲ."

"ಇರವಲ್ದ್ಯಾಕ! ಅದಕ್ಕೂ ಚಂದ ಕಾಣಬೇಕಂತ ಆಸೆ ಇರೂದಿಲ್ಲೇನು?"

ಲೂಪಿಗೆ ಆ ನೇರಳೆ ಬಣ್ಣವೇ ಬಂತು.

ಹುಡುಗರ ಪರೀಕ್ಷೆ ಹತ್ತಿರವಾಯಿತು. ಕಾಕಾ ಈ ತಡಕ್ಕೆ ಮದ್ದು ಹುಡುಕಲು ಕೂತ, ಹುಡುಕಿಯೂ ಬಿಟ್ಟ! ಕೋಡಿನ ಒಂದೊಂದು ತುಣುಕಿಗೂ ಕಂಪ್ಯೂಟರು ಬಣ್ಣ ಹಚ್ಚುವ ಪ್ರೋಗ್ರಾಮನ್ನು ಹೊಸದಾಗಿ ಶುರುಮಾಡಿ, ಮುಚ್ಚಿ, ಮತ್ತೆ ಶುರುಮಾಡುತ್ತಿತ್ತು. ಒಂದೊಂದು ರೊಟ್ಟಿಗೂ ಒಲೆ ಹೊತ್ತಿಸಿ ಆರಿಸಿದರೆ ಊಟ ಯಾವಾಗ? ಒಮ್ಮೆ ಶುರುವಾದರೆ ಎಲ್ಲಕ್ಕೂ ಬಣ್ಣ ಹಚ್ಚುವಂತೆ, ಬದಲಾಗದ ತುಣುಕುಗಳ ಬಣ್ಣ ಹಾಗೇ ಉಳಿಯುವಂತೆ ಮಾಡಿದ. ಮರುದಿನ ಬಟನ್ ಒತ್ತಿ "ಎಕ್ಸ್‌ಪೋರ್ಟ್ ಹಚ್…" ಎನ್ನುವಷ್ಟರಲ್ಲಿ ಪಿಡಿಎಫ್ ತಯಾರು!

ಕಾಕು ಎರಡು ಕಪ್ ಚಹಾ ಹಿಡಿದು ಬಾಗಿಲಿಗೆ ಬಂದಿದ್ದಳು.

"ಆತೇನ್ರಿ?"

"ಆತು!" ಕಾಕಾ ಮೀಸೆ ತಿರುವಿದ.

"ಚಲೋ ಆತು ಬಿಡ್ರಿ" ಎಂದು ಅವನ ಕಪ್ ಇಟ್ಟು, ತನ್ನದನ್ನು ನಿಂತೇ ಕುಡಿದು ಕೊಟ್ಟಿಗೆಗೆ ನಡೆದಳು. ನನಗೆ ಪಿಚ್ಚೆನಿಸಿತು. ಕಾಕಾನ ಕೈ ಮೀಸೆಯ ಮೇಲೇ ನಿಂತುಬಿಟ್ಟಿತ್ತು.

ಮರುದಿನ ಮತ್ತೆ ಅದೇ ಕೂಗು. ಇಣುಕಿದೆ. ಪಿಡಿಎಫ್ ಎಂದೋ ಮುಗಿದಿರಬೇಕು, ಕಾಕಾ ಮಾನಿಟರಿಗೆ ಟವೆಲ್ ಹೊದಿಸಿ ಗಂಭೀರವಾಗಿ ಕೂತಿದ್ದ! ಕಾಕು ಚಹಾ ತಂದು ಪಕ್ಕದಲ್ಲಿ ಕೂತಳು.

"ಇದನ್ನ ಯಾಕ ಮುಚ್ಚೀರಿ?"

"ನೋಡಿದ್ರ ನಾಚ್ತೈತಿ. ಇವತ್ತ ಭಾಳ ತಡಾ ಆಗ್ತೈತಿ. ನೀ ಕಾಲ ಚಾಚಿ ಕೂಡು."