ಹದಿನಾಲ್ಕು ಮನೆಯ ಔಷಧಿ ಚೀಟಿ

ಕೆಲವರಿಗೆ ಕುಡಿಯುವ ಚಟ ಇರುತ್ತದೆ, ಕೆಲವರಿಗೆ ಇಸ್ಪೀಟಿನ ಚಟ. ಅಂಥವರ ಬಗ್ಗೆ ಊರು ಆಡಿಕೊಳ್ಳುತ್ತದೆ, ಹೆಂಡತಿ ಅಳುತ್ತಾಳೆ, ಹಿರಿಯರು ಕೂರಿಸಿಕೊಂಡು ಬುದ್ಧಿ ಹೇಳುತ್ತಾರೆ. ನನಗಿರುವ ಚಟಕ್ಕೆ ಮಾತ್ರ ಯಾರೂ ಬೈದದ್ದಿಲ್ಲ. ಒಮ್ಮೆ ಶಾಲು ಹೊದೆಸಿ, ಕೈಯಲ್ಲಿ ತೆಂಗಿನಕಾಯಿ ಇಟ್ಟು ಸನ್ಮಾನವನ್ನೇ ಮಾಡಿಬಿಟ್ಟಿದ್ದಾರೆ. ಅದು ಉಪಕಾರ ಮಾಡುವ ಚಟ. "ನಿಂಗಕ್ಕೆ ಬ್ಯಾರೆ ಎಂತ ಚಟನೂ ಇಲ್ಲೆ, ಇದೊಂದೇ. ಆದ್ರೆ ಇದೊಂದೇ ಸಾಕು" ಎಂದು ನನ್ನ ಹೆಂಡತಿ ಪಾರ್ವತಿ ಬಹಳ ಹಿಂದೆಯೇ ಹೇಳಿದ್ದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ. ಈಗ ಒಬ್ಬಳ ಅಂಗಡಿ ಮುಚ್ಚಿಸಿ, ಇನ್ನೊಬ್ಬರನ್ನು ಹಾಸಿಗೆ ಹಿಡಿಸಿದ ಮೇಲೆ ಅವಳ ಮಾತಿನ ಅರ್ಥ ನಿಧಾನವಾಗಿ ತಲೆಗೆ ಹೋಗುತ್ತಿದೆ.

ನಾನು ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಬಸ್ಸು ಓಡಿಸುವುದು ಡ್ರೈವರನ ಕೆಲಸ, ಟಿಕೇಟು ಹರಿಯುವುದು ಕಂಡಕ್ಟರನ ಕೆಲಸ. ಬಸ್ಸು ಬಾರದಿದ್ದಾಗ ಬೈಸಿಕೊಳ್ಳಲು ಒಬ್ಬ ಬೇಕಲ್ಲ, ಆ ಹುದ್ದೆಗೆ ಕಂಟ್ರೋಲರ್ ಎಂದು ಹೆಸರು. ಬೈಗುಳವಾದರೇನು, ಬೆಳಗಿನಿಂದ ಸಂಜೆಯವರೆಗೆ ಜನ ನನ್ನ ಕಿಟಕಿಗೆ ಬಂದು ಏನಾದರೂ ಕೇಳುತ್ತಿದ್ದರು. ನಿವೃತ್ತನಾದ ಮರುದಿನದಿಂದ ನನ್ನನ್ನು ಯಾರೂ ಏನೂ ಕೇಳದಂತಾಯಿತು. ಮನೆಯಲ್ಲಿ ಪಾರ್ವತಿಯಂತೂ ಮೊದಲಿನಿಂದಲೂ ಕೇಳುವವಳಲ್ಲ, ಹೇಳುವವಳು.

ಶಿರಸಿ ಪೇಟೆಯಿಂದ ಏಳೆಂಟು ಕಿಲೋಮೀಟರು ಆಚೆ ನಿವೃತ್ತರಿಗೆಂದೇ ಬಡಾವಣೆ ಮಾಡಿದಾಗ ನಾವೂ ಒಂದು ಸೈಟು ಹಿಡಿದೆವು. ಸಿದ್ದಾಪುರದ ಕಡೆಯ ಮಾಸ್ತರುಗಳು, ಬ್ಯಾಂಕಿನವರು, ಇಡಗುಂದಿಯ ಫಾರೆಸ್ಟ್ ಗಾರ್ಡು, ಹೀಗೆ ಪೆನ್ಶನ್ ಬರುವವರೆಲ್ಲ ಬಂದು ಸೇರಿದರು. ಆಗ ತೋರಿಸಿದ ನಕಾಶೆಯಲ್ಲಿ ಗೇಟಿನ ಹತ್ತಿರ ಹಳದಿ ಬಣ್ಣದ ಒಂದು ಚೌಕ ಇತ್ತು. 'ವಾಣಿಜ್ಯ ಉದ್ದೇಶಕ್ಕೆ' ಎಂದು ಅದರೊಳಗೆ ಬರೆದಿತ್ತು. ಕಿರಾಣಿ, ಮೆಡಿಕಲ್ಲು, ಹಾಲಿನ ಡೈರಿ, ಎಲ್ಲ ಅಲ್ಲಿಯೇ ಬರುತ್ತವೆ ಎಂದು ಸೈಟು ಮಾರಿದವನು ಬೆರಳಿಟ್ಟು ತೋರಿಸಿದ. ಎರಡನೇ ಹಂತ ಆಯಿತು, ಮೂರನೇ ಹಂತಕ್ಕೆ ಜೆಸಿಬಿ ಬಂತು. ಹಳದಿ ಚೌಕದಲ್ಲಿ ಆಳೆತ್ತರ ಕಳೆ ಬೆಳೆದು ದನ ಮೇಯತೊಡಗಿದವು. ನಮ್ಮ ಬಡಾವಣೆ ಬೆಳೆಯುವುದೇ ಹಾಗೆ: ಮೂರನೇ ಹಂತದಲ್ಲಿ ಪಾಯ ತೋಡುವಷ್ಟರಲ್ಲಿ ಮೊದಲನೇ ಹಂತದಲ್ಲಿ ಒಂದು ವೈಕುಂಠ ಸಮಾರಾಧನೆ ಇರುತ್ತದೆ. ಒಂದೇ ವಾರದಲ್ಲಿ ಗೃಹಪ್ರವೇಶದ ಊಟ, ಹದಿಮೂರನೇ ದಿನದ ಊಟ ಎರಡೂ ಉಂಡದ್ದಿದೆ.

ಅಂಗಡಿ ಹಾಕುವವರು ಬಾರದೆ ಇರಲಿಲ್ಲ. ಬಂದು ನೋಡಿ ಹೋಗುತ್ತಿದ್ದರು. ಬನವಾಸಿ ಕಡೆಯ ಒಬ್ಬ ಕಿರಾಣಿ ವ್ಯಾಪಾರಿ ಬೈಕಿನಲ್ಲಿ ಇಡೀ ಬಡಾವಣೆ ಸುತ್ತಿ ಬಂದು ನಮ್ಮ ಜಗಲಿಯಲ್ಲಿ ನೀರು ಕುಡಿಯುತ್ತ ಹೇಳಿದ: "ಅಲ್ರೀ ಯಜಮಾನ್ರ, ಇಲ್ಲಿ ಒಂದ್ ಹುಡುಗ್ರ ಸಪ್ಪಳ ಇಲ್ಲ. ಚಾಕ್ಲೇಟ್ ಯಾರ್ ತಗೋತಾರ್ರೀ? ನೀವು ಸಕ್ರಿ ತಿನ್ನಂಗಿಲ್ಲ, ಉಪ್ಪು ತಿನ್ನಂಗಿಲ್ಲ, ಎಣ್ಣಿ ಮುಟ್ಟಂಗಿಲ್ಲ. ನಾ ಅಂಗಡ್ಯಾಗ ಏನ್ ಇಡ್ಲಿ, ಊದಿನಕಡ್ಡೀನ?" ಆ ಮೇಲೆ ಒಬ್ಬ ಕ್ಷೌರದವನು ಬಂದ. ಆ ಹೊತ್ತಿಗೆ ನಾವು ಐದಾರು ಜನ ಗೇಟಿನ ಹತ್ತಿರ ಕೂತಿದ್ದೆವು. ಅವನು ನಮ್ಮ ತಲೆಗಳನ್ನು ಒಂದೊಂದಾಗಿ ನೋಡಿದ, ನಮಸ್ಕಾರ ಹೇಳಿದ, ಹೋದ.

ನಾನು ಬಡಾವಣೆ ಸಂಘದ ಕಾರ್ಯದರ್ಶಿ. ಕಿರಾಣಿ ಇಲ್ಲದಿದ್ದರೂ ನಡೆದೀತು, ಔಷಧಿ ಅಂಗಡಿ ಬೇಕೇ ಬೇಕು ಎಂದು ಕಂಡಕಂಡವರಿಗೆಲ್ಲ ಮನವಿ ಬರೆದೆ. ಕೊನೆಗೆ ಬಂದವಳು ನಾಗವೇಣಿ. ಮಂಚಿಕೇರಿಯವಳು, ಮೂವತ್ತೈದರ ಆಸುಪಾಸು, ಫಾರ್ಮಸಿ ಓದಿದವಳು. ಗಂಡ ಲಾರಿ ಅಪಘಾತದಲ್ಲಿ ಸೊಂಟ ಮುರಿದುಕೊಂಡು ಮನೆಯಲ್ಲಿದ್ದ. ಗೇಟಿನ ಪಕ್ಕದ ಮೊದಲ ಮನೆಯ ಯಜಮಾನರು ತೀರಿಹೋಗಿ ಮುಂದಿನ ಕೋಣೆ ಖಾಲಿ ಇತ್ತು, ಅಲ್ಲಿ ಕಪಾಟು ಜೋಡಿಸಿದಳು. ಉದ್ಘಾಟನೆಗೆ ನಾನೇ ಭಾಷಣ ಮಾಡಿದೆ. "ತಂಗಿ, ನಾವು ಅಷ್ಟೂ ಮನೆಯವ್ವು ನಿನ್ನ ಬೆನ್ನಿಗೆ ಇದ್ಯ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿ, ಕೇಸರಿಬಾತು ತಿಂದು, ಮನೆಗೆ ಹೋದರು. ಔಷಧಿ ಮಾತ್ರ ಯಾರೂ ಕೊಳ್ಳಲಿಲ್ಲ. ಒಳ್ಳೇ ದಿನ, ಪೂಜೆ ಆಗಿದೆ, ಇವತ್ತೇ ಯಾಕೆ ಗುಳಿಗೆ ತಗೊಂಡು ಅಪಶಕುನ ಮಾಡಿಕೊಳ್ಳುವುದು ಎಂದು ಎಲ್ಲರಿಗೂ ಒಟ್ಟಿಗೇ ಅನ್ನಿಸಿತ್ತು. ನಾನು ಕಾರ್ಯದರ್ಶಿಯಾದ ತಪ್ಪಿಗೆ ಒಂದು ಸಾಬೂನು ಕೊಂಡೆ.

ನಮ್ಮ ಕಡೆ ಒಂದು ರೂಢಿ ಇದೆ. ಪೇಟೆಗೆ ಹೊರಟವನು ಸುಮ್ಮನೆ ಹೋಗುವಂತಿಲ್ಲ. ಅಕ್ಕಪಕ್ಕದ ಮನೆಯ ಬಾಗಿಲಲ್ಲಿ ನಿಂತು "ಪ್ಯಾಟಿಗೆ ಹೋಗ್ತೆ, ಎಂತಾರೂ ತರವ?" ಎಂದು ಕೇಳಬೇಕು. ಕೇಳದೆ ಹೋದರೆ ಅದು ಸೊಕ್ಕು. ಕೇಳಿಸಿಕೊಂಡವರು ಏನೂ ಬೇಡ ಎಂದರೆ ಅದೂ ಒಂಥರಾ ಸೊಕ್ಕೇ. ನಾಲ್ಕು ಲಿಂಬೆಹಣ್ಣನ್ನಾದರೂ ಹೇಳಬೇಕು. ನನಗೆ ಸ್ಕೂಟರಿದೆ, ಪೇಟೆಗೆ ಹೋಗುವ ಹುಕಿ ಇದೆ. ಎರಡು ಮನೆಯಿಂದ ಶುರುವಾದದ್ದು ಹದಿನಾಲ್ಕು ಮನೆಗೆ ಬಂತು. ಲಿಂಬೆಹಣ್ಣು ಹೋಗಿ ಔಷಧಿ ಚೀಟಿಯಾಯಿತು. ನಾನು ಹಳೇ ಕಂಟ್ರೋಲರ್ ಅಲ್ಲವೇ, ಇದಕ್ಕೊಂದು ವೇಳಾಪಟ್ಟಿಯನ್ನೇ ಮಾಡಿದೆ. ಒಂಬತ್ತಕ್ಕೆ ಚೀಟಿ ಸಂಗ್ರಹ, ಒಂಬತ್ತೂವರೆಗೆ ಹೊರಡುವುದು, ಹನ್ನೆರಡಕ್ಕೆ ವಾಪಸು, ಮನೆ ಮನೆಗೆ ಹಂಚಿಕೆ. ಹದಿನಾಲ್ಕು ಕಿಸೆ ಇರುವ ಒಂದು ಬಟ್ಟೆಚೀಲ ಹೊಲಿದುಕೊಡು ಎಂದು ಪಾರ್ವತಿಯ ಬೆನ್ನು ಬಿದ್ದೆ. ಆ ಶಾಲು, ತೆಂಗಿನಕಾಯಿ ಸಿಕ್ಕಿದ್ದು ಈ ಸೇವೆಗೇ.

ನಾಗವೇಣಿ ಬಂದ ಮೇಲೆ ನಾನಿದನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಕೇಳಿದವರಿಗೆ ನನ್ನ ಹತ್ತಿರ ನೂರು ಸಬೂಬು ಇದ್ದವು. ತರಕಾರಿಗೆ ಹೇಗೂ ಹೋಗುವುದೇ, ಗುಳಿಗೆಯೂ ಆಗಿಹೋಗಲಿ. ಪೇಟೆಯ ಮೆಡಿಕಲ್ಲಿನವನು ಹಳೇ ಪರಿಚಯ, ಅವನಿಗೆ ಬೇಜಾರಾಗುತ್ತದೆ. ನಿಜ ಹೇಳಿಬಿಡುತ್ತೇನೆ. ಆ ಪೇಟೆಯ ಅಂಗಡಿಯವನು ನನ್ನ ಸ್ಕೂಟರು ನಿಂತ ಕೂಡಲೇ ಎದ್ದು "ಬರ್ರಿ, ಕಂಟ್ರೋಲರ್ ಸಾಹೇಬ್ರ" ಎಂದು ಸ್ಟೂಲು ಸರಿಸುತ್ತಿದ್ದ. ಚಹಾ ತರಿಸುತ್ತಿದ್ದ. ಹದಿನಾಲ್ಕು ಮನೆಯ ಚೀಟಿ ತರುವ ಗಿರಾಕಿಗೆ ಯಾರಾದರೂ ಮಾಡುವ ಮರ್ಯಾದೆ ಅದು ಎಂದು ನನಗೂ ಗೊತ್ತಿತ್ತು. ಆದರೂ ಇಡೀ ಜಿಲ್ಲೆಯಲ್ಲಿ ನನ್ನನ್ನು ಈಗಲೂ ಆ ಹೆಸರಿನಿಂದ ಕರೆಯುವವನು ಅವನೊಬ್ಬನೇ. ನಾಗವೇಣಿ ನನ್ನನ್ನು 'ಮಾವ' ಎನ್ನುತ್ತಿದ್ದಳು. ಮಾವ ಎನ್ನುವವರು ನನಗೆ ಬೇಕಾದಷ್ಟು ಜನ ಇದ್ದರು.

ಹಾಗೆಂದು ನಾವು ಅವಳ ಅಂಗಡಿಗೆ ಹೋಗುತ್ತಿರಲಿಲ್ಲ ಎಂದುಕೊಳ್ಳಬೇಡಿ. ದಿನಾ ಹೋಗುತ್ತಿದ್ದೆವು. ಬಿ.ಪಿ. ನೋಡಿಸಿಕೊಳ್ಳಲು ಹೋಗುತ್ತಿದ್ದೆವು, ಫ್ಯಾನಿನ ಕೆಳಗೆ ಕೂರಲು ಹೋಗುತ್ತಿದ್ದೆವು. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಪೇಟೆಯಿಂದ ತಂದುಕೊಟ್ಟ ಗುಳಿಗೆಗಳನ್ನು ಅವಳಿಗೆ ತೋರಿಸಿ, ಯಾವುದನ್ನು ಯಾವಾಗ ನುಂಗುವುದು ಎಂದು ಕೇಳಲು ಹೋಗುತ್ತಿದ್ದೆವು. ಸ್ಟ್ರಿಪ್ಪಿನ ಮೇಲಿನ ಇರುವೆಯಂಥ ಅಕ್ಷರ ನಮ್ಮ ಪೈಕಿ ಯಾರಿಗೂ ಕಾಣುವುದಿಲ್ಲ. ಅವಳು ಓದಿ, ಬೆಳಗಿನದಕ್ಕೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಸೂರ್ಯ, ರಾತ್ರಿಯದಕ್ಕೆ ನೀಲಿಯಲ್ಲಿ ಚಂದ್ರ ಬರೆದುಕೊಡುತ್ತಿದ್ದಳು. ಬೇರೆ ಅಂಗಡಿಯ ಮಾಲಿಗೆ ಇವಳೇಕೆ ಬಣ್ಣ ಹಚ್ಚಬೇಕು ಎಂದು ನಮಗೆ ಹೊಳೆಯಲೇ ಇಲ್ಲ. ದಿನಾ ಒಂಬತ್ತೂವರೆಗೆ ನಾನು ಅವಳ ಬಾಗಿಲಲ್ಲೂ ಸ್ಕೂಟರು ನಿಲ್ಲಿಸಿ, ರೂಢಿ ತಪ್ಪಿಸಬಾರದಲ್ಲ, "ಪ್ಯಾಟಿಗೆ ಹೋಗ್ತೆ ತಂಗಿ, ಎಂತಾರೂ ತರವ?" ಎಂದು ಕೇಳುತ್ತಿದ್ದೆ. ಅವಳ ಕಣ್ಣೆದುರು ನನ್ನ ಚೀಲ ನೇತಾಡುತ್ತಿತ್ತು. "ಎಂತದೂ ಬ್ಯಾಡ ಮಾವ" ಎನ್ನುತ್ತಿದ್ದಳು.

ಒಂದು ವರ್ಷ ಕಳೆದ ಮೇಲೆ ಒಂದು ದಿನ ಅವಳೂ ಒಂದು ಚೀಟಿ ಕೊಟ್ಟಳು. "ಪೇಂಟರ್ ಹತ್ರ ಒಂದು ಬೋರ್ಡು ಬರೆಸ್ಕಂಡು ಬತ್ರಾ ಮಾವ?" ನನಗೆ ಖುಷಿಯೋ ಖುಷಿ, ಕೊನೆಗೂ ಹದಿನೈದನೇ ಮನೆ ಸೇರಿತಲ್ಲ ಎಂದು. ಚೀಟಿಯನ್ನು ಪೇಂಟರಿಗೆ ಕೊಟ್ಟು, ತರಕಾರಿ ಮುಗಿಸಿ ಬಂದು, ಅಕ್ಷರ ಸಣ್ಣದಾಯಿತು ಎಂದು ಅವನೊಡನೆ ಜಗಳ ಮಾಡಿ ಇನ್ನೊಮ್ಮೆ ಬರೆಸಿದೆ. ದೂರದಿಂದ ಕಾಣಬೇಕು ನೋಡಿ; ಅಂಗಡಿಯ ಹೆಸರೇ ಇರಬೇಕೆಂದು, ಏನು ಬರೆದಿದೆ ಎಂದು ಮಾತ್ರ ಓದಲಿಲ್ಲ. ತಂದು, ಸ್ಟೂಲು ಹತ್ತಿ, ನಾನೇ ತಂತಿಯಿಂದ ಕಟ್ಟಿದೆ. ಕಟ್ಟಿ ಕೆಳಗಿಳಿದು ಹಿಂದೆ ಸರಿದು ನಿಂತಾಗ ಓದಿದೆ: 'ಅಂಗಡಿ ಬಾಡಿಗೆಗೆ ಇದೆ.'

"ಎಂತಕ್ಕೆ ತಂಗಿ?" ಎಂದೆ. ಅವಳು ಸಿಟ್ಟು ಮಾಡಲಿಲ್ಲ. "ನಿಂಗನೇ ಹೇಳಿ ಮಾವ" ಎಂದಷ್ಟೇ ಹೇಳಿ ಕಪಾಟು ಖಾಲಿ ಮಾಡಲು ಒಳಗೆ ಹೋದಳು. ಮುಂದಿನ ತಿಂಗಳು ಯಲ್ಲಾಪುರದಲ್ಲಿ ಯಾರದೋ ಔಷಧಿ ಅಂಗಡಿಯಲ್ಲಿ ಸಂಬಳಕ್ಕೆ ಸೇರಿದಳು. ನಾವು ಬೀಳ್ಕೊಡುಗೆ ಮಾಡಿದೆವು. ಅವಳಿಗೂ ಒಂದು ಶಾಲು ಹೊದೆಸಿದೆವು.

ಚೀಲ ಇನ್ನೂ ಭಾರವಾಯಿತು. ಈಗ ಗುಳಿಗೆ ಓದುವವರಿಲ್ಲ, ನಾನೇ ಓದಬೇಕು. ನನ್ನ ಒಂದು ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ಹೇಳಿದ್ದನ್ನು ಪಾರ್ವತಿಗೆ ಬಿಟ್ಟರೆ ಮತ್ಯಾರಿಗೂ ಹೇಳಿರಲಿಲ್ಲ. ಕಂಟ್ರೋಲರನಿಗೆ ಕಣ್ಣು ಕಾಣುವುದಿಲ್ಲ ಎಂದರೆ ಏನು ಉಳಿಯಿತು? ನಮ್ಮ ಪಕ್ಕದ ಮನೆ ಗಣಪಣ್ಣನದು. ನಾನಾಗಲೇ ಹೇಳಿದ ಇಡಗುಂದಿಯ ಫಾರೆಸ್ಟ್ ಗಾರ್ಡು ಅವನೇ. ಅವನ ಹೆಂಡತಿ ಶಾರದಕ್ಕನಿಗೆ ಬಿ.ಪಿ. ಅದರಾಚೆಯ ಮನೆಯ ಭಟ್ಟರಿಗೆ ಸಕ್ಕರೆ ಕಾಯಿಲೆ. ಎರಡೂ ಸ್ಟ್ರಿಪ್ಪು ಬೆಳ್ಳಿ ಬಣ್ಣ, ಎರಡೂ ಸಣ್ಣ ಬಿಳಿ ಗುಳಿಗೆ. ನಾನು ಶಾರದಕ್ಕನ ಕಿಸೆಯದನ್ನು ಭಟ್ಟರಿಗೆ ಕೊಟ್ಟೆ, ಭಟ್ಟರದನ್ನು ಶಾರದಕ್ಕನಿಗೆ. ಭಟ್ಟರಿಗೆ ಎರಡು ದಿನ ತಲೆ ತಿರುಗಿತು, ಹಲಸಿನಹಣ್ಣು ತಿಂದದ್ದು ಹೆಚ್ಚಾಯಿತು ಎಂದುಕೊಂಡರು. ಮೂರನೇ ದಿನ ಏಕಾದಶಿ. ಶಾರದಕ್ಕ ಹನಿ ನೀರೂ ಮುಟ್ಟದೆ ಉಪವಾಸ ಮಾಡುವ ಹೆಂಗಸು. ಆದರೆ ಗುಳಿಗೆ ತಪ್ಪಿಸಬಾರದು ಎಂದು ಡಾಕ್ಟರು ಗದರಿಸಿದ್ದರಲ್ಲ, ಅದನ್ನು ಮಾತ್ರ ತೀರ್ಥದಷ್ಟು ನೀರಿನಲ್ಲಿ ನುಂಗಿದ್ದಾರೆ.

ಆ ಹೊತ್ತಿಗೆ ಗಣಪಣ್ಣ, ನಾನು, ಭಟ್ಟರು ಎಲ್ಲ ಸಂಘದ ಸಭೆಯಲ್ಲಿದ್ದೆವು. ವಿಷಯ ಒಂದೇ: ಬಡಾವಣೆಗೆ ಔಷಧಿ ಅಂಗಡಿ ಬೇಕು. ನಾನು ಹೊಸ ಮನವಿ ಓದಿದೆ. 'ವಯೋವೃದ್ಧರ ಜೀವದ ಪ್ರಶ್ನೆ' ಎನ್ನುವುದೋ, 'ಜೀವನ್ಮರಣದ ಪ್ರಶ್ನೆ' ಎನ್ನುವುದೋ ಎಂದು ಇಬ್ಬರು ಮಾಸ್ತರುಗಳು ಬಹಳ ಹೊತ್ತು ವಾದ ಮಾಡಿದರು. ಅಷ್ಟು ಹೊತ್ತೂ ಶಾರದಕ್ಕ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಗಣಪಣ್ಣ ಮನೆಗೆ ಹೋಗಿ ಕೂಗಿಕೊಂಡಾಗ ಮನವಿಗೆ ಸಹಿ ಹಾಕಿಸುವುದು ಇನ್ನೂ ಬಾಕಿ ಇತ್ತು.

ಆಸ್ಪತ್ರೆಯಲ್ಲಿ ಮನೆಯ ಗುಳಿಗೆಗಳನ್ನೆಲ್ಲ ತನ್ನಿ ಎಂದರು. ನೋಡಿದ ಡಾಕ್ಟರಿಗೆ ತಿಳಿದುಹೋಯಿತು. ರಕ್ತದ ಸಕ್ಕರೆ ಅಂಶ ಇಳಿದು, ಬಹಳ ಹೊತ್ತು ಹಾಗೇ ಬಿದ್ದಿದ್ದರಿಂದ ಮಿದುಳಿಗೆ ಪೆಟ್ಟಾಗಿದೆ ಎಂದರು. ನಾನು ವಾರ್ಡಿನ ಹೊರಗಿನ ಬೆಂಚಿನಲ್ಲಿ ಗಣಪಣ್ಣನ ಪಕ್ಕ ಕೂತು, "ಆನೇ ತಂದುಕೊಟ್ಟಿದ್ದು ಗಣಪಣ್ಣ, ತಪ್ಪಿ ಕೊಟ್ಟೆ" ಎಂದೆ. ಅವನು "ಗೊತ್ತಿದ್ದು" ಎಂದ. ಅವನು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬೈಸಿಕೊಳ್ಳುವುದರಲ್ಲಿ ನನಗೆ ಮೂವತ್ತು ವರ್ಷದ ಅನುಭವ ಇತ್ತು, ಅಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ.

ಶಾರದಕ್ಕ ಉಳಿದರು. ಈಗ ಮನೆಯಲ್ಲಿದ್ದಾರೆ. ಗಣಪಣ್ಣ ಗಂಜಿ ಕುಡಿಸುತ್ತಾನೆ, ಜಡೆ ಹಾಕುತ್ತಾನೆ. ಕಾಡಿನಲ್ಲಿ ತಿರುಗಿದ ಕೈಗೆ ಜಡೆ ಬರುವುದಿಲ್ಲ, ಸೊಟ್ಟ ಆಗುತ್ತದೆ. ನೋಡಲು ಹೋದರೆ ಅವರು ಗುರುತು ಸಿಗದೆ ನನಗೆ ಕೈ ಮುಗಿದು, ಯಾವುದೋ ದೊಡ್ಡ ಮನುಷ್ಯ ಬಂದ ಹಾಗೆ, ಕೂತ್ಕಳಿ ಎಂದು ಸನ್ನೆ ಮಾಡುತ್ತಾರೆ. ಯಲ್ಲಾಪುರದಲ್ಲಿದ್ದಾಗಿನಿಂದಲೂ, ಇಪ್ಪತ್ತು ವರ್ಷ ನನ್ನನ್ನು ಗೇಲಿ ಮಾಡುತ್ತಿದ್ದ ಹೆಂಗಸು. ಆ ಮರ್ಯಾದೆಯನ್ನು ನನ್ನಿಂದ ನೋಡಲಾಗುವುದಿಲ್ಲ.

ನಾನು ಚೀಲವನ್ನು ಅಟ್ಟಕ್ಕೆ ಹಾಕಿದೆ. ಹತ್ತು ದಿನ ಹೊರಗೆ ಬರಲಿಲ್ಲ. ಹನ್ನೊಂದನೇ ದಿನ ಬೆಳಿಗ್ಗೆ ಗೇಟಿನ ಸದ್ದಾಯಿತು. ಗಣಪಣ್ಣ, ಕೈಯಲ್ಲಿ ಚೀಟಿ. "ಇವಳ ಗುಳಿಗೆ ಮುಗತ್ತು. ಇವಳ ಬಿಟ್ಟಿಕ್ಕಿ ಪ್ಯಾಟಿಗೆ ಹೋಪಲೆ ಆಗ್ತಿಲ್ಲೆ" ಎಂದ.

"ನಂಗೇ ಕೊಡ್ತ್ಯಾ?" ಎಂದೆ.

"ಮತ್ಯಾರಿಗೆ ಕೊಡ್ಲಿ ಮಾರಾಯ? ಈ ಸಲ ಅಂಗಡಿಯವನ ಹತ್ರನೇ ಹೆಸರು ಬರೆಸ್ಕಂಡು ಬಾ." ಅವನ ಹಿಂದೆ ಭಟ್ಟರು ನಿಂತಿದ್ದರು. ಭಟ್ಟರ ಹಿಂದೆ ಒಬ್ಬ ಮಾಸ್ತರು. ನನ್ನನ್ನು ಕ್ಷಮಿಸಿದರು ಎಂದು ನಾನು ತಿಳಿದುಕೊಳ್ಳಲಿಲ್ಲ. ಪೇಟೆ ಅಷ್ಟೇ ದೂರದಲ್ಲಿದೆ, ಮಂಡಿ ಅಷ್ಟೇ ನೋಯುತ್ತವೆ, ಗುಳಿಗೆ ದಿನಾ ಖರ್ಚಾಗುತ್ತದೆ. ಚೀಲ ಕೆಳಗಿಳಿಸಿದೆ. ಕಣ್ಣಿನ ಆಪರೇಶನ್ ಆಗುವವರೆಗೆ ಸ್ಕೂಟರು ಬೇಡವೆಂದು ಬಸ್ಸಿಗೆ ಹೋಗುತ್ತೇನೆ. ಪ್ರತಿ ಸ್ಟ್ರಿಪ್ಪಿನ ಮೇಲೂ ಅಂಗಡಿಯವನಿಂದ ಹೆಸರು ಬರೆಸುತ್ತೇನೆ, ಬಸ್ಸಿನಲ್ಲಿ ಪಕ್ಕದವರಿಂದ ಇನ್ನೊಮ್ಮೆ ಓದಿಸುತ್ತೇನೆ. ಹದಿನಾಲ್ಕು ಮನೆಯವರೂ ಮೊದಲಿನಂತೆ ಚೀಟಿ ಕೊಡುತ್ತಾರೆ.

ಹದಿನಾಲ್ಕರಲ್ಲಿ ನಮ್ಮ ಮನೆ ಸೇರಿಲ್ಲ. ಪಾರ್ವತಿಗೂ ಬಿ.ಪಿ. ಇದೆ. ಶಾರದಕ್ಕ ಬಿದ್ದ ಮೇಲೆ ಅವಳು ತನ್ನ ಚೀಟಿಯನ್ನು ನನಗೆ ತೋರಿಸಿಯೂ ಇಲ್ಲ. ತಿಂಗಳಿಗೊಮ್ಮೆ ಸೆರಗಿಗೆ ಪಿನ್ನು ಹಾಕಿಕೊಂಡು, ಯಲ್ಲಾಪುರದ ಬಸ್ಸು ಹತ್ತಿ, ನಾಗವೇಣಿ ಕೆಲಸ ಮಾಡುವ ಅಂಗಡಿಗೇ ಹೋಗಿ ಗುಳಿಗೆ ತರುತ್ತಾಳೆ. ನಾನು ಒಂದು ಸಲ, ಅಷ್ಟು ದೂರ ಯಾಕೆ, ನಾನು ದಿನಾ ಪೇಟೆಗೆ ಹೋಗುತ್ತೇನಲ್ಲ ಎಂದು ಕೇಳಿಯೂಬಿಟ್ಟೆ. ಅವಳು ನನ್ನ ಮುಖ ನೋಡದೆ, "ಬಸ್ಸಲ್ಲಿ ಕೂತ್ಕಂಡು ಹೋಪಲೆ ಖುಷಿ ಆಗ್ತು" ಎಂದಳು. ಬಸ್ ನಿಲ್ದಾಣದ ಕಂಟ್ರೋಲರನನ್ನು ಮದುವೆಯಾಗಿ ನಲವತ್ತು ವರ್ಷವಾದರೂ, ಬಸ್ಸು ಹತ್ತಿ ಮೂರನೇ ತಿರುವಿಗೆ ಬರುವುದರೊಳಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿಕೊಳ್ಳುವವಳು ಅವಳು.