ಸೀಟು ಬಿಡದ ಕಂಡಕ್ಟರು

ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ನಿಂತೇ ಕಾಲ ಕಳೆದ ಕಂಡಕ್ಟರ್ ನಾನು. ನಿವೃತ್ತಿಯ ಮೊದಲ ಬೆಳಗ್ಗೆಯೇ ಹೆಂಡತಿಯೆದುರು ಘನಗಂಭೀರವಾಗಿ ಘೋಷಿಸಿಬಿಟ್ಟೆ: "ಇವತ್ತು ಹನ್ನೆರಡು ಗಂಟೆವರೆಗೆ ಈ ಕುರ್ಚಿ ಬಿಟ್ಟು ಏಳೋದಿಲ್ಲ. ಚಾವಣಿ ಕಳಚಿ ಬಿದ್ದರೂ ಅಷ್ಟೇ!"

ಅದೇನು ಸಾಮಾನ್ಯ ಕುರ್ಚಿಯಲ್ಲ. ಬೀಳ್ಕೊಡುಗೆಗೆ ಡಿಪೋದ ಗೆಳೆಯರೆಲ್ಲ ಸೇರಿ ಕೊಟ್ಟದ್ದು. ಪಕ್ಕದ ಹಿಡಿಕೆ ಎಳೆದರೆ ಬೆನ್ನು ಹಿಂದಕ್ಕೆ, ಕಾಲು ಮೇಲಕ್ಕೆ. ಯಾವ ಸಿಂಹಾಸನಕ್ಕೂ ಈ ಸೌಕರ್ಯ ಇದ್ದಿರಲಾರದು.

ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲೂ ಇಲ್ಲ. "ನೀವು ಹತ್ತು ನಿಮಿಷ ಕೂತರೆ ಹೆಚ್ಚು" ಅಂದಳು. ಮಾತಿಗೆ ಮಾತು ಬೆಳೆದು ಪಂದ್ಯವೇ ಆಯಿತು. ನಾನು ಗೆದ್ದರೆ ಬದುಕಿರುವಷ್ಟು ಕಾಲ ನನಗೆ ಮನೆಗೆಲಸ ಹೇಳುವಂತಿಲ್ಲ. ಸೋತರೆ ಎರಡು ಹೊತ್ತಿನ ಪಾತ್ರೆಗಳೂ ನನ್ನವೇ. ಒಂಬತ್ತಕ್ಕೆ ಕೂತೆ. ಹೊಲಿದ ಪರದೆಗಳನ್ನು ಕೊಟ್ಟುಬರಲು ಹೊರಟವಳು, ನಾನು ಮೋಸ ಮಾಡದಂತೆ ಆಗಾಗ ಇಣುಕಿ ನೋಡಲು ಪಕ್ಕದ ಮನೆಯ ಟೀಚರಮ್ಮನಿಗೆ ಹೇಳಿ, ಬಾಗಿಲು ತೆರೆದಿಟ್ಟೇ ಹೋದಳು. ಜೀವಮಾನವೆಲ್ಲ ಟಿಕೆಟ್ ಇಲ್ಲದವರನ್ನು ಹಿಡಿದವನಿಗೇ ಚೆಕಿಂಗು!

ಹದಿನೈದು ನಿಮಿಷ ಸುಖವಾಗಿದ್ದೆ. ಆಮೇಲೆ ಕಾಲುಗಳು ಚಡಪಡಿಸತೊಡಗಿದವು. ಕೈಯಾದರೂ ಸುಮ್ಮನಿತ್ತೇ? ಹಿಡಿಕೆ ಎಳೆಯಿತು. ಹಿತವಾಗಿದೆ ಎನಿಸಿ ಇನ್ನಷ್ಟು ಎಳೆಯಿತು. ಟಕ್ ಅಂತ ಹಿಡಿಕೆ ಕೈಗೇ ಬಂತು. ಮರುಕ್ಷಣ ತಲೆ ನೆಲದತ್ತ, ಪಾದ ಚಾವಣಿಯತ್ತ, ಸೊಂಟ ಕುರ್ಚಿಯ ಸಂದಿಯಲ್ಲಿ. ಒದ್ದಾಡಿದಷ್ಟೂ ಒಳಕ್ಕೆ ಇಳಿದೆ.

ಕೂಗಬಹುದಿತ್ತು. ಆದರೆ ಯಾರಾದರೂ ಬಂದು ಎಬ್ಬಿಸಿದರೆ ಪಂದ್ಯ ಸೋತಂತೆ. ಎರಡು ಹೊತ್ತಿನ ಪಾತ್ರೆಗಳ ರಾಶಿ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿಕೊಂಡೆ.

ಟೀಚರಮ್ಮ ಇಣುಕಿದರು. ಮುಖ ಇರಬೇಕಾದ ಜಾಗದಲ್ಲಿ ಪಾದಗಳನ್ನು ಕಂಡು ಗಾಬರಿಯಾದರು. ಮಾನ ಉಳಿಸಿಕೊಳ್ಳಬೇಕಲ್ಲ! ಇದು ಬೆನ್ನುನೋವಿಗೆ ಹೊಸ ಚಿಕಿತ್ಸೆ, ನರಗಳೆಲ್ಲ ಸಡಿಲವಾಗಿ ಸ್ವರ್ಗವೇ ಕಾಣುತ್ತದೆ ಅಂದುಬಿಟ್ಟೆ. ಅಲ್ಲೇ ಎಡವಿದ್ದು. ಟೀಚರಮ್ಮನ ಯಜಮಾನರಿಗೆ ಹತ್ತು ವರ್ಷದ ಬೆನ್ನುನೋವು.

ಐದೇ ನಿಮಿಷದಲ್ಲಿ ಅವರನ್ನು ಕೈಹಿಡಿದು ಕರೆತಂದರು. ಕಾಗದ ಕೊಡಲು ಬಂದ ಪೋಸ್ಟ್‌ಮ್ಯಾನ್‌ಗೆ, ಚೀಲ ಹೊತ್ತು ಹೊತ್ತು ತನ್ನ ಸೊಂಟವೂ ಬಿದ್ದುಹೋಗಿದೆ ಎಂದು ಆಗಲೇ ನೆನಪಾಗಬೇಕೆ? ಆತ ಎರಡನೆಯವನಾಗಿ ನಿಂತ. ಬಂದದ್ದಕ್ಕೆ ತಾವೂ ಒಂದು ಕೈ ನೋಡಿಬಿಡೋಣವೆಂದು ಟೀಚರಮ್ಮ ಮೂರನೆಯವರಾದರು. ಮೂವರೂ ಸಾಲಾಗಿ ನಿಂತು ನನ್ನ ಪಾದಗಳನ್ನೇ ನೋಡಿದರು. ಹತ್ತೂವರೆಗೆ ಪಿಸುಮಾತು ಶುರುವಾಯಿತು, ಹನ್ನೊಂದಕ್ಕೆ ಕೆಮ್ಮು. ಹನ್ನೊಂದೂವರೆಗೆ ಯಜಮಾನರು ನೇರವಾಗಿಯೇ ಕೇಳಿದರು, "ಅಲ್ಲ ಸ್ವಾಮಿ, ವಯಸ್ಸಾದವರಿಗೆ ಸೀಟು ಬಿಟ್ಟುಕೊಡಿ ಅಂತ ಬಸ್ಸಲ್ಲಿ ಊರಿಗೆಲ್ಲ ಹೇಳ್ತಿದ್ದವರು ನೀವೇ ತಾನೇ?"

ತಲೆಕೆಳಗಾಗಿ ಮರ್ಯಾದೆ ಕಾಪಾಡಿಕೊಳ್ಳುವುದು ಸುಲಭವಲ್ಲ. ಚಿಕಿತ್ಸೆ ನಡುವೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಅಂದೆ. ಅವರು ನಂಬಲಿಲ್ಲ, ಕದಲಲೂ ಇಲ್ಲ.

ಹನ್ನೆರಡು ಹೊಡೆದ ಐದು ನಿಮಿಷಕ್ಕೆ ಹೆಂಡತಿ ಬಂದಳು. ನಾನು ಸೀಟು ಬಿಡುತ್ತಿಲ್ಲವೆಂದು ಮೂವರೂ ಒಟ್ಟಿಗೆ ದೂರು ಕೊಟ್ಟರು. ಅವಳು ಗಡಿಯಾರ ನೋಡಿದಳು, ಬಗ್ಗಿ ನನ್ನ ಮುಖ ನೋಡಿದಳು.

"ಒಪ್ಪಿದೆ, ನೀವೇ ಗೆದ್ರಿ. ಈಗ ಏಳಿ, ಪಾಪ ಅವರು ಕಾಯ್ತಿದ್ದಾರೆ."

ನಾನು ಏಳಲಿಲ್ಲ.

"ಏಳಿ ಅಂದ್ರೆ."

"ಸ್ವಲ್ಪ ಕೈ ಕೊಡೇ" ಅಂದೆ ಮೆಲ್ಲಗೆ. "ಒಂಬತ್ತೂಕಾಲಿಂದ ಏಳೋಕಾಗ್ತಿಲ್ಲ."

ಅವಳ ಮುಖ ಅರಳಿತು. "ಹಾಗಾದ್ರೆ ನೀವು ಕೂತಿದ್ದು ಹದಿನೈದೇ ನಿಮಿಷ. ಉಳಿದದ್ದೆಲ್ಲ ಸಿಕ್ಕಿಹಾಕಿಕೊಂಡಿದ್ದು. ಅದು ಪಂದ್ಯಕ್ಕೆ ಸೇರಲ್ಲ."

ನಾಲ್ವರೂ ಸೇರಿ ನನ್ನನ್ನು ಎಳೆದು ತೆಗೆದರು. ನೆಟ್ಟಗೆ ನಿಲ್ಲುವ ಮೊದಲೇ ಪಾತ್ರೆ ಉಜ್ಜುವ ನಾರು ಕೈಗೆ ಬಂತು. ಆ ಕುರ್ಚಿ ಬೇಡ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಟೀಚರಮ್ಮನ ಯಜಮಾನರು ಅದರೊಳಗೆ ಮಾಯವಾಗಿದ್ದರು.

ಎರಡನೇ ಬಾಣಲೆ ಉಜ್ಜುತ್ತಿದ್ದಾಗ, ಹಜಾರದಿಂದ ಉಸಿರು ಬಿಗಿಹಿಡಿದ ಅವರ ದನಿ ಕೇಳಿಸಿತು: "ನೀನು ಮನೆಗೆ ಹೋಗಿ ಊಟ ಮಾಡು ಕಣೇ. ನನಗೇನೂ ಅವಸರ ಇಲ್ಲ."