ಪ್ರೆಸ್ಟನ್ ಸಾಹೇಬರ ಊರಿನ ಇಗರ್ಜಿ

ಎಲ್ಲ ತಾಪತ್ರಯಕ್ಕೂ ಮೂಲ ಪ್ರೆಸ್ಟನ್ ಸಾಹೇಬರ ಮೇಜಿನ ಮೇಲಿದ್ದ ಒಂದು ಫೋಟೊ. ಹಸಿರು ಹುಲ್ಲು, ವಾಲಿದ ಗೋರಿಕಲ್ಲುಗಳು, ನಡುವೆ ಕೋಟೆಯ ಬುರುಜಿನಂಥ ಚೌಕ ಗೋಪುರ ಹೊತ್ತ ಹಳೇ ಕಲ್ಲಿನ ಇಗರ್ಜಿ, ಅದೇ ಚರ್ಚು. ಇಂಗ್ಲೆಂಡಿನ ಯಾವುದೋ ಹಳ್ಳಿ. ಅರಬ್ ನಾಡಿನ ಥುಕ್ಬಾದ ಆ ಮರಗೆಲಸದ ಕಾರ್ಖಾನೆಯಲ್ಲಿ ಸಾಹೇಬರಿಂದ ಬೈಸಿಕೊಳ್ಳಲು ನಿಂತವರೆಲ್ಲ ಬೈಗುಳ ಮುಗಿಯುವ ತನಕ ಆ ಫೋಟೊವನ್ನೇ ನೋಡುತ್ತಿದ್ದುದರಿಂದ ಅದರ ಒಂದೊಂದು ಕಲ್ಲೂ ಎಲ್ಲರಿಗೂ ಪರಿಚಯವಾಗಿತ್ತು.

ಬಡಗಿ ಯೋಗೀಶನಿಗೆ ಆ ಇಗರ್ಜಿಯಿಂದ ಆಗಬೇಕಾದ್ದೇನೂ ಇರಲಿಲ್ಲ. ಅವನಿಗೆ ಬೇಕಾಗಿದ್ದುದು ಫೋಟೊದ ಪಕ್ಕದಲ್ಲೇ ಬಿದ್ದಿದ್ದ ತನ್ನ ರಜೆ ಅರ್ಜಿಗೆ ಒಂದು ಸಹಿ. ಅವನು ಮೂಲ್ಕಿ ಬಿಟ್ಟು ಬಂದ ಮೇಲೆ ಹುಟ್ಟಿದ ಮಗಳು ಈಗ ಮನೆ ತುಂಬ ಓಡಾಡುತ್ತಿದ್ದಳು, ಮತ್ತು ಮೊಬೈಲನ್ನೇ ಪಪ್ಪ ಎಂದು ತಿಳಿದಿದ್ದಳು. ಚಾರ್ಜಿಗೆ ಇಟ್ಟರೆ ‘ಪಪ್ಪನಿಗೆ ಊಟ’ ಎನ್ನುತ್ತಾಳೆಂದು ಹೆಂಡತಿ ಭವ್ಯಶ್ರೀ ಹೇಳಿದಾಗ ಅವನು ನಕ್ಕಿದ್ದ. ಆಮೇಲೆ ಬಾತ್‌ರೂಮಿಗೆ ಹೋಗಿ ತುಂಬಾ ಹೊತ್ತು ಮುಖ ತೊಳೆದುಕೊಂಡಿದ್ದ. ಸಾಹೇಬರೋ ಕೆಲಸ ಬಿಟ್ಟು ಶನಿವಾರ ವಿಮಾನ ಹತ್ತುವವರು. ಹೊಸ ಮ್ಯಾನೇಜರ್ ಬಂದರೆ ಮತ್ತೆ ಮೊದಲಿನಿಂದ ಕೈಕಟ್ಟಿ ನಿಲ್ಲಬೇಕು.

ಶುಕ್ರವಾರ ಸಂಜೆ ಮೆಸ್ಸಿನಲ್ಲಿ ಬೀಳ್ಕೊಡುಗೆ. ಅಂದು ಬೆಳಿಗ್ಗೆ, ವಾರವಿಡೀ ಓವರ್‌ಟೈಮ್ ಮಾಡಿ ಹೈರಾಣಾಗಿದ್ದ ಯೋಗೀಶ ಮಗ್ಗುಲು ಬದಲಿಸುವಷ್ಟರಲ್ಲಿ, ಸ್ಟೋರ್ ನೋಡಿಕೊಳ್ಳುವ ಉಳ್ಳಾಲದ ಕೋಯ ಅವನ ಹೊದಿಕೆ ಎಳೆದ.

“ಏಳು ಮಾರಾಯ. ಎಲ್ರ ಹಾಗೆ ಉಡುಗೊರೆಗೆ ಗಡಿಯಾರ ಕೊಟ್ರೆ ಸಾಹೇಬ್ರು ಸಹಿ ಹಾಕ್ಲಿಕ್ಕುಂಟಾ? ಅವ್ರ ಊರಿನ ಇಗರ್ಜಿಯನ್ನೇ ಮರದಲ್ಲಿ ಮಾಡಿ ಕೊಡು. ನೋಡಿದ ಕೂಡ್ಲೇ ಕಣ್ಣಲ್ಲಿ ನೀರು ಬರ್ತದೆ. ಆಗ ಪೆನ್ನು ಹಿಡಿಸುವ ಕೆಲ್ಸ ನಂದು.”

“ಒಂದು ದಿನದಲ್ಲಿ ಆಗುವ ಕೆಲ್ಸವಾ ಕೋಯಾಕ? ನಂಗೆ ನಿದ್ದೆ ಬರ್ತಾ ಉಂಟು.”

“ನಾವೆಲ್ಲ ಇಲ್ವಾ ನಿಂಗೆ?”

ತೊಂದರೆಯಾದದ್ದೇ ಅಲ್ಲಿ. ಎಲ್ಲರೂ ಇದ್ದರು.

ಶುಕ್ರವಾರ ಅಲ್ಲಿ ವಾರದ ರಜೆ, ಕಾರ್ಖಾನೆಗೆ ಬೀಗವಾದ್ದರಿಂದ ಕೆಲಸ ಯೋಗೀಶನ ಮಂಚದ ಮೇಲೇ ಶುರುವಾಯಿತು. ಕೋಯ ತೇಗದ ತುಂಡುಗಳನ್ನು ತಂದು ಸುರಿದ. ನಕ್ಷೆ ಬರೆಯುವ ಉಡುಪಿಯ ರಫೀಕ್ ಮೊಬೈಲಿನಲ್ಲಿ ಹುಡುಕಿ, ಹೊರಗಿನದು ಮಾತ್ರ ಮಾಡಿದರೆ ಮರ್ಯಾದೆಯಲ್ಲ, ಒಳಗೂ ಎಲ್ಲ ಬೇಕು ಎಂದು ತೀರ್ಪು ಕೊಟ್ಟ. ಬಾಗಿಲ ಬಳಿ ಕೂಸುಗಳಿಗೆ ಜ್ಞಾನಸ್ನಾನ ಮಾಡಿಸುವ ಕಲ್ಲಿನ ತೊಟ್ಟಿ, ಅದಕ್ಕೆ ಮರದ ಮುಚ್ಚಳ. ಪ್ರವಚನದ ಎತ್ತರದ ಪೀಠ, ಅದರ ನೆತ್ತಿಗೆ ಮಾತು ಮೇಲೆ ಹಾರಿಹೋಗದಂತೆ ಮರದ ಕೊಡೆ. ಜನ ಕೂರುವ ಜಾಗಕ್ಕೂ ಬಲಿಪೀಠಕ್ಕೂ ನಡುವೆ ಜಾಲರಿ ಕೆತ್ತಿದ ತಡಿಕೆ. ಬೆಂಚುಗಳಿಗೆಲ್ಲ ಸುತ್ತ ಹಲಗೆ, ಪುಟ್ಟ ಬಾಗಿಲು.

“ಬೆಂಚಿಗೆ ಎಂತಕ್ಕೆ ಬಾಗಿಲು?” ಎಂದು ಯೋಗೀಶ ಕೇಳಿದ.

“ಚಳಿ ಅಲ್ವಾ. ಕಾಲಿಗೆ ಗಾಳಿ ತಾಗ್ಬಾರ್ದಂತೆ.”

ಬಾಗಿಲು ಹಾಕಿಕೊಂಡರೆ ಒಳಗೆ ಮಲಗಿದವನು ಯಾರಿಗೂ ಕಾಣುವುದಿಲ್ಲ ಎಂದು ಯೋಗೀಶನಿಗೆ ಹೊಳೆಯಿತು. ಆ ಕಟ್ಟಡದ ಮೇಲೆ ಅವನಿಗೆ ಮೊದಲ ಸಲ ಪ್ರೀತಿ ಹುಟ್ಟಿತು. ಬೆಂಚಿನ ಬಾಗಿಲುಗಳನ್ನು ಅಷ್ಟು ಮುತುವರ್ಜಿಯಿಂದ ಮಾಡಿದ್ದು ಅದಕ್ಕೇ ಇರಬೇಕು.

ಮೆಸ್ಸಿನ ಅಡುಗೆಯವನಾದ ಕಾಪುವಿನ ಅಣ್ಣು ಇಗರ್ಜಿಯ ಪಕ್ಕದ ಶಾಲೆಯಲ್ಲಿ ಓದಿದವನು. ಮಾಡಿಗೆ ಕೆಂಪು ಹಂಚು ಇಲ್ಲದ್ದು ಇಗರ್ಜಿಯೇ ಅಲ್ಲ ಎಂದು ಅವನು ಹಟ ಹಿಡಿದ. ಅವನ ಬಾಯಿ ಮುಚ್ಚಿಸಲು ಗೋಪುರದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ತಗಡಿನ ಕೋಳಿಯನ್ನು ಅವನಿಗೇ ಬಿಟ್ಟುಕೊಟ್ಟರು. ಊರಿನಲ್ಲಿ ಒಂದು ಕೋಳಿ ಅಂಕವನ್ನೂ ತಪ್ಪಿಸದಿದ್ದ ಅಣ್ಣು ತುಪ್ಪದ ಡಬ್ಬಿ ಕತ್ತರಿಸಿ ತಂದದ್ದು, ಕುತ್ತಿಗೆಯ ಗರಿ ಕೆದರಿ ಒಂದು ಕಾಲು ಮುಂದಿಟ್ಟು ಎದುರಾಳಿಯ ಮೇಲೆ ಹಾರಲು ನಿಂತ ಹುಂಜ. ಗಾತ್ರದಲ್ಲಿ ಅದು ಇಗರ್ಜಿಯ ಬಾಗಿಲಿಗಿಂತ ದೊಡ್ಡದಿತ್ತು. ಯೋಗೀಶ ಬೇಡ ಎನ್ನುವುದರೊಳಗೆ ಅಣ್ಣು ಅಂಟು ಹಾಕಿ ಆಗಿತ್ತು.

ಇನ್ನೇನು ಮುಗಿಯಿತು ಎನ್ನುವಾಗ ಗೋಪುರ ರೂಮಿನ ಬಾಗಿಲಲ್ಲಿ ಸಿಕ್ಕಿಕೊಂಡಿತು. ರಫೀಕ್ ಹೇಳಿದ್ದು ಸೆಂಟಿಮೀಟರ್ ಲೆಕ್ಕ, ಯೋಗೀಶ ಅಳೆದದ್ದು ಇಂಚಿನಲ್ಲಿ. ತೂಕಡಿಸುತ್ತಲೇ ಅವನು ಗೋಪುರದ ನಡುವಿನಿಂದ ಒಂದು ತುಂಡು ಕತ್ತರಿಸಿ ತೆಗೆದು, ಗಿಡ್ಡ ಮಾಡಿ ಮತ್ತೆ ಜೋಡಿಸಿದ. ಇಗರ್ಜಿಗೆ ಜಾಗವೇ ಇಲ್ಲದ ಈ ದೇಶದಲ್ಲಿ ಇಂಥದ್ದನ್ನು ಬಯಲಲ್ಲಿ ಹೊತ್ತುಕೊಂಡು ಹೋಗುವುದು ಬೇಡವೆಂದು ಕೋಯ ಮೇಲೆ ಬೆಡ್‌ಶೀಟ್ ಹೊದಿಸಿದ. ಗೇಟಿನ ಕಾವಲುಗಾರ ಇದೇನೆಂದು ಕೇಳಿದ್ದಕ್ಕೆ, ಸಾಹೇಬರಿಗೆ ಕೇಕು ಎಂದೂ ಹೇಳಿಬಿಟ್ಟ.

ಅಷ್ಟು ದೊಡ್ಡ ಕೇಕಿನ ಸುದ್ದಿ ಕಾರ್ಖಾನೆಯ ಮಾಲೀಕ ಅಬೂ ತಲ್ಹಾ ಅವರ ಕಿವಿಗೂ ಬಿತ್ತು. ಯಾರ ಬೀಳ್ಕೊಡುಗೆಗೂ ಬಾರದ ಮನುಷ್ಯ ಅಂದು ಬಂದು ಮುಂದಿನ ಸಾಲಿನಲ್ಲೇ ಕುಳಿತರು. ಮೆಸ್ಸಿನ ತುಂಬ ರಫೀಕ್ ಡಿಸೈನ್ ತನ್ನದು ಎನ್ನುತ್ತಿದ್ದ, ಕೋಯ ಐಡಿಯಾವೇ ತನ್ನದು ಎನ್ನುತ್ತಿದ್ದ, ಅಣ್ಣು ಕೋಳಿಯ ಕತೆ ಹೇಳುತ್ತಿದ್ದ. ಯೋಗೀಶ ಗೋಡೆಗೆ ಒರಗಿ ನಿಂತೇ ನಿದ್ದೆ ಮಾಡುತ್ತಿದ್ದ.

ಬೆಡ್‌ಶೀಟ್ ಸರಿಸಿದಾಗ ಪ್ರೆಸ್ಟನ್ ಸಾಹೇಬರು ಬಗ್ಗಿ ಅದರ ಸುತ್ತ ಒಂದು ಸುತ್ತು ಬಂದರು. ಕೋಯ ಪೆನ್ನು ತೆಗೆದು ಸಿದ್ಧನಾದ. ಕೊನೆಗೆ ಸಾಹೇಬರು, ತುಂಬ ಚೆನ್ನಾಗಿದೆ, ಇದು ಎಲ್ಲಿಯದು ಎಂದು ಕೇಳಿದರು.

“ನಿಮ್ಮ ಊರಿಂದೇ ಸರ್,” ಎಂದ ಯೋಗೀಶ. “ನಿಮ್ಮ ಮೇಜಿನ ಫೋಟೊದಲ್ಲಿ ಉಂಟಲ್ಲ.”

ಸಾಹೇಬರಿಗೆ ನಗು ಬಂತು. ತನ್ನ ಊರಿನಲ್ಲಿ ಇರುವುದು ಬರೇ ಗೋದಾಮುಗಳೆಂದೂ, ಆ ಫೋಟೊ ಫ್ರೇಮಿನ ಜೊತೆಗೇ ಬಂದದ್ದೆಂದೂ ಹೇಳಿದರು. ಈ ದೇಶಕ್ಕೆ ಬಂದ ಹೊಸತರಲ್ಲಿ, ಹೆಂಡತಿ ಮಕ್ಕಳ ಫೋಟೊ ಹಾಕಲೆಂದು ಬತ್ಹಾದ ಪೇಟೆಯಲ್ಲಿ ಕೊಂಡ ಫ್ರೇಮು. ಹಾಕಲು ಪುರುಸೊತ್ತೇ ಆಗಲಿಲ್ಲವಂತೆ. ಹಾಗೆ ಹೇಳುತ್ತಾ ಅವರ ನಗು ನಿಂತಿತು.

ಕೋಯ, ರಫೀಕ್, ಅಣ್ಣು ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು. ಆದರೆ ಸಾಹೇಬರು ಕೋಟಿನ ಜೇಬಿನಿಂದ ಯೋಗೀಶನ ಅರ್ಜಿ ತೆಗೆದರು. ಬೆಳಿಗ್ಗೆಯೇ ಮೇಜು ಖಾಲಿ ಮಾಡುವಾಗ ಸಹಿ ಹಾಕಿದ್ದೇನೆ, ತಡವಾದದ್ದಕ್ಕೆ ಬೇಸರ ಮಾಡಬೇಡ ಎಂದರು. ಬೆಳಿಗ್ಗೆಯೇ! ಯೋಗೀಶನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅವನು ಕೈ ಚಾಚಿದ.

ಕೇಕು ಇಲ್ಲದೆ ಮುಖ ಸಪ್ಪೆ ಮಾಡಿದ್ದ ಅಬೂ ತಲ್ಹಾ ಅಷ್ಟರಲ್ಲಿ ಕಿರುಬೆರಳಿನಿಂದ ಬೆಂಚಿನ ಪುಟ್ಟ ಬಾಗಿಲನ್ನು ತೆರೆದರು. ಮುಚ್ಚಿದರು. ಮತ್ತೆ ತೆರೆದರು. ದೂರದ ರಾಬಿಗ್‌ನಲ್ಲಿ ತಾನು ಕಟ್ಟಿಸುತ್ತಿರುವ ಮನೆಗಳಿಗೆಲ್ಲ ಹೀಗೆಯೇ ಬಾಗಿಲು ತೆರೆಯುವ ಪುಟ್ಟ ಮರದ ಮಾದರಿಗಳು ಬೇಕು, ಇದನ್ನು ಮಾಡಿದವನು ನಾಳೆಯೇ ಅಲ್ಲಿಗೆ ಹೊರಡಬೇಕು, ಕೆಲಸ ಮುಗಿಯುವ ತನಕ ರಜೆ ಗಿಜೆ ಇಲ್ಲ ಎಂದರು. ಯಾರು ಮಾಡಿದ್ದು ಎಂದು ಕೇಳಿದರು.

ಅಷ್ಟು ಹೊತ್ತೂ ನಂದು ನಂದು ಎನ್ನುತ್ತಿದ್ದವರ ಬೆರಳುಗಳೆಲ್ಲ ಒಟ್ಟಿಗೆ ಯೋಗೀಶನ ಕಡೆ ತಿರುಗಿದವು.

“ಪೂರಾ ಇವನೊಬ್ಬನದ್ದೇ,” ಎಂದ ಕೋಯ.

“ಕೋಳಿ ಕೂಡ,” ಎಂದ ಅಣ್ಣು.

ಅರ್ಜಿ ಮತ್ತೆ ಮಡಚಿಕೊಂಡು ಅಬೂ ತಲ್ಹಾ ಅವರ ಜೇಬು ಸೇರಿತು. ಇಗರ್ಜಿ ವಿಮಾನದಲ್ಲಿ ಹೋಗುವಂಥದ್ದಲ್ಲವಾದ್ದರಿಂದ ಯೋಗೀಶನ ಮಂಚಕ್ಕೇ ವಾಪಸು ಬಂತು. ಪ್ರೆಸ್ಟನ್ ಸಾಹೇಬರು ಹೊರಡುವಾಗ ಮೇಜಿನ ಮೇಲಿದ್ದ ಫ್ರೇಮನ್ನು ಅವನ ಕೈಗಿತ್ತು, ಇದಕ್ಕೆ ಮಗಳ ಫೋಟೊ ಹಾಕಿಕೋ, ತಡಮಾಡಬೇಡ ಎಂದರು.

ರಾಬಿಗ್‌ನಲ್ಲಿ ಯೋಗೀಶ ಬೆಳಿಗ್ಗೆಯಿಂದ ಸಂಜೆಯ ತನಕ ಅಂಗೈಯಗಲದ ಮನೆಗಳಿಗೆ ಬಾಗಿಲು ಕೂರಿಸುತ್ತಾನೆ. ಫ್ರೇಮು ದಿಂಬಿನ ಪಕ್ಕದಲ್ಲಿದೆ. ಮಗಳ ಫೋಟೊ ಪ್ರಿಂಟ್ ಹಾಕಿಸಲು ಪೇಟೆಗೆ ಹೋಗಬೇಕು, ಹೋಗಲು ಶುಕ್ರವಾರ ಬೇಕು, ಶುಕ್ರವಾರ ಬಂದರೆ ನಿದ್ದೆ ಬೇಕು.

ಮೊನ್ನೆ ರೂಮಿಗೆ ಹೊಸದಾಗಿ ಬಂದ ಕುಂದಾಪುರದವನೊಬ್ಬ ಫ್ರೇಮನ್ನು ಎತ್ತಿ ನೋಡಿ, “ಇದು ನಿಮ್ಮ ಊರಾ ಅಣ್ಣ?” ಎಂದು ಕೇಳಿದ. ಯೋಗೀಶನಿಗೆ ಎಲ್ಲವನ್ನೂ ವಿವರಿಸುವ ತ್ರಾಣ ಇರಲಿಲ್ಲ.

“ಹೌದು,” ಎಂದ. “ಒಳ್ಳೆ ಊರು ಮಾರಾಯ. ಬೆಂಚಿಗೆಲ್ಲ ಬಾಗಿಲುಂಟು.”

ಮೊಬೈಲನ್ನು ಊಟಕ್ಕೆ ಇಟ್ಟು, ಗೋಡೆಯ ಕಡೆ ತಿರುಗಿ ಮಲಗಿದ.